ಕವಡೆ, ಬೇತಾಳ ಮತ್ತು 120×45 ಪಿಕ್ಸೆಲ್: ನಮ್ಮ ಆಟಕ್ಕೆ ಸ್ಟೀಮ್ ಕವರ್ ಕಟ್ಟಿದ ಲಾಗ್

ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ 100 ಡಾಲರ್ ಕಟ್ಟಿ ಆಟ ನೋಂದಾಯಿಸಿದ ಮೇಲೆ ಚಿತ್ರಗಳ ದೊಡ್ಡ ಪಟ್ಟಿಯೊಂದು ಎದುರಿಗೆ ಬರುತ್ತದೆ. ಅಂಗಡಿಯ ಕವರ್‌ಗೆ ಸ್ಟೀಮ್‌ನವರು ಇಟ್ಟ ಹೆಸರೇ ಕ್ಯಾಪ್ಸೂಲ್. ಹೆಡರ್ ಕ್ಯಾಪ್ಸೂಲ್ 920×430 ಪಿಕ್ಸೆಲ್. ಸ್ಮಾಲ್ 462×174. ಮೇನ್ 1232×706. ವರ್ಟಿಕಲ್ 748×896. ಇವೆಲ್ಲ ಅಂಗಡಿಗೆ. ಆಟ ಕೊಂಡವರ ಲೈಬ್ರರಿಗೆ 600×900ರ ನಿಂತ ಕವರ್, 3840×1240ರ ಉದ್ದನೆ ಚಿತ್ರ, ಹಿನ್ನೆಲೆ ಇಲ್ಲದ ಲೋಗೋ ಬೇರೆ. ಅಂಗಡಿಯ ಕವರ್‌ಗೆ ಸ್ಟೀಮ್‌ನವರು ಇಟ್ಟ ಹೆಸರೇ ಕ್ಯಾಪ್ಸೂಲ್. ಇವುಗಳಲ್ಲಿ ಒಂದರ ಆಕಾರ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಚಿತ್ರ ಬರೆಸಿ ಎಲ್ಲದಕ್ಕೂ ಕತ್ತರಿಸಿ ಹಾಕೋಣ ಅನ್ನೋ ಯೋಚನೆ ಇದ್ದರೆ ಮೊದಲೇ ಬಿಟ್ಟುಬಿಡಿ.

ನಮ್ಮ ಆಟದ ಹೆಸರು 'ಕವಡೆ'. ಚೌಕಾಬಾರದ ಮೇಲೆ ಕಟ್ಟಿದ ರೋಗ್‌ಲೈಕ್ (ಪ್ರತಿ ಸಲ ಬೇರೆ ಥರ ನಡೆಯುವ, ಸೋತರೆ ಮೊದಲಿಂದ ಆಡಬೇಕಾದ ಜಾತಿಯ ಆಟ), ಆಟ ಕಟ್ಟುವ ತಂತ್ರಾಂಶ ಗೊಡೋ ಎಂಜಿನ್‌ನಲ್ಲಿ ಮಾಡಿದ್ದು. ಐದು ಸಾಲು, ಐದು ಕಂಬ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬೀಳುತ್ತವೋ ಅಷ್ಟು ಗರ, ನಾಲ್ಕೂ ಬೋರಲು ಬಿದ್ದರೆ ಎಂಟು. ಇಷ್ಟು ಮನೆಯಲ್ಲಿ ಆಡಿದ ಆಟವೇ. ನಾವು ಸೇರಿಸಿದ್ದು ಎದುರಾಳಿ: ಊರಾಚೆಯ ಕಟ್ಟೆಯ ಮೇಲೆ ಕೂತ ಬೇತಾಳ. ಒಂದು ಸುತ್ತು ಗೆದ್ದ ಕೂಡಲೇ ಅವನು ಒಂದು ನಿಯಮ ಬದಲಿಸುತ್ತಾನೆ, ನಿಮಗೂ ಒಂದು ಮಾಯದ ಕವಡೆ ಸಿಗುತ್ತದೆ. ಬೆಳಗಾಗುವುದರೊಳಗೆ ನಿಮ್ಮ ಕಾಯಿಗಳೆಲ್ಲ ನಡುಮನೆ ಸೇರಿ ಹಣ್ಣಾಗಬೇಕು. ಸೋತರೆ ಮತ್ತೆ ಮೊದಲಿಂದ.

ಅಂಗಡಿಯ ಪುಟ ತೆರೆದಾಗ ಆಟದ ಒಂದು ಸ್ಕ್ರೀನ್‌ಶಾಟ್ ಮೇಲೆ ಹೆಸರು ಬರೆದು ತಾತ್ಕಾಲಿಕ ಕವರ್ ಹಾಕಿದ್ದೆವು. ಈ ಲಾಗ್ ಅದನ್ನು ತೆಗೆದು ಅಸಲಿ ಕವರ್ ಮಾಡಿದ ಕೆಲಸದ್ದು.

ಚಿಕ್ಕದರಿಂದ ಶುರು

ಎಲ್ಲರೂ ಮೇನ್ ಕ್ಯಾಪ್ಸೂಲ್‌ನಿಂದ ಶುರು ಮಾಡುತ್ತಾರೆ. ದೊಡ್ಡದು, ಚಂದ ಕಾಣುತ್ತದೆ, ಕಲಾವಿದರಿಗೂ ಅದರಲ್ಲೇ ಖುಷಿ. ನಾವು ತಿರುಗಿಸಿ ಮಾಡಿದೆವು. ಕಾರಣ ಇದು: ನೀವು ಕೊಡುವ 462×174ರ ಸ್ಮಾಲ್ ಕ್ಯಾಪ್ಸೂಲ್‌ನಿಂದ ಸ್ಟೀಮ್ ತಾನೇ ಇನ್ನೂ ಎರಡು ಅಳತೆ ಮಾಡಿಕೊಳ್ಳುತ್ತದೆ, 184×69 ಮತ್ತು 120×45. ಹುಡುಕಾಟದ ಪಟ್ಟಿ, ಹೆಚ್ಚು ಮಾರಾಟದ ಪಟ್ಟಿ, ಇಂಥ ಕಡೆಯೆಲ್ಲ ಓಡಾಡುವುದು ಈ ಮರಿಗಳು. ನಮ್ಮಂಥ ಹೆಸರಿಲ್ಲದವರ ಆಟ ಮುಖಪುಟದ ದೊಡ್ಡ ಚೌಕಟ್ಟಿನಲ್ಲಿ ಕೂರುವುದು ಯಾವ ಕಾಲಕ್ಕೋ. ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಮಾತ್ರ ದಿನಾ ಇದ್ದದ್ದೇ.

120×45 ಅಂದರೆ ಒಟ್ಟು 5,400 ಪಿಕ್ಸೆಲ್. ಮೇನ್ ಕ್ಯಾಪ್ಸೂಲ್‌ನಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಇವೆ. ಅಷ್ಟು ಚಿಕ್ಕದರಲ್ಲಿ ಏನು ಉಳಿಯುತ್ತದೋ ಅದೇ ಕವರ್, ಮಿಕ್ಕಿದ್ದೆಲ್ಲ ಅಲಂಕಾರ ಅಂತ ತೀರ್ಮಾನ ಮಾಡಿಕೊಂಡೆವು. ಚಿತ್ರ ಬರೆಯುವ ತಂತ್ರಾಂಶ ಕೃತಾದಲ್ಲಿ 462×174ರ ಫೈಲ್ ತೆರೆದು, ಅದರದ್ದೇ ಎರಡನೇ ಕಿಟಕಿಯನ್ನು ಶೇಕಡಾ 26ಕ್ಕೆ ಕುಗ್ಗಿಸಿ ಪಕ್ಕದಲ್ಲಿ ಇಟ್ಟುಕೊಂಡು ಕೆಲಸ ಮಾಡಿದೆ. ದೊಡ್ಡದರಲ್ಲಿ ಗೆರೆ ಎಳೆದರೆ ಚಿಕ್ಕದರಲ್ಲಿ ಅಲ್ಲೇ ಕಾಣುತ್ತದೆ. ಎಳೆದದ್ದು ಕಾಣದಿದ್ದರೆ ಅಳಿಸಿದೆ.

ಇನ್ನೊಂದು ಸಿದ್ಧತೆಯೂ ಬೇಕು. ಸ್ಟೀಮ್‌ನಲ್ಲಿ ಬೋರ್ಡ್ ಗೇಮ್ ಟ್ಯಾಗ್ (ಆಟದ ಜಾತಿ ಹೇಳುವ ಗುರುತು) ಹಾಕಿ ಹುಡುಕಿ, ಬಂದ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ರೋಗ್‌ಲೈಕ್ ಟ್ಯಾಗ್‌ಗೂ ಹಾಗೇ ಮಾಡಿದೆ. ಏನೇ ಗೀಚಿದರೂ ಅದನ್ನು ಆ ಪಟ್ಟಿಯ ನಡುವೆ ಅಂಟಿಸಿಯೇ ನೋಡೋದು. ಖಾಲಿ ಬಿಳಿ ಹಾಳೆಯ ಮೇಲೆ ಯಾವ ಚಿತ್ರವಾದರೂ ಚೆನ್ನಾಗೇ ಕಾಣುತ್ತದೆ. ಅಕ್ಕಪಕ್ಕ ಹತ್ತು ಜನ ಕೂಗುತ್ತಿರುವಾಗ ನಮ್ಮದು ಕೇಳುತ್ತಾ ಅನ್ನೋದು ಪ್ರಶ್ನೆ.

ಕವಡೆಯೋ, ಮಣೆಯೋ, ಬೇತಾಳನೋ

ಕವರ್ ಒಂದು ನೋಟದಲ್ಲಿ ಎರಡು ವಿಷಯ ಹೇಳಬೇಕು: ಇದು ಯಾವ ಜಾತಿಯ ಆಟ, ಇದರ ಸ್ವಭಾವ ಎಂಥದ್ದು. ಚಂದ ಆಮೇಲೆ. ಚಂದ ಇದ್ದು ಜಾತಿ ತಪ್ಪಿದರೆ ಬೇರೆ ಯಾರೋ ಕ್ಲಿಕ್ ಮಾಡಿ, ಪುಟ ನೋಡಿ, ವಾಪಸ್ ಹೋಗುತ್ತಾರೆ. ನಮಗೆ ಬೇಕಾದವರು ನೋಡದೆ ಮುಂದೆ ಸರಿಯುತ್ತಾರೆ.

ಹೆಸರು ಕವಡೆ, ಹಾಗಾಗಿ ಮೊದಲ ಪ್ರಯೋಗ ಕವಡೆಯದ್ದೇ. ಗ್ರಂಥಿಗೆ ಅಂಗಡಿಯಿಂದ ಒಂದು ಹಿಡಿ ಕವಡೆ ತಂದು, ಕಪ್ಪು ಬಟ್ಟೆ ಹಾಸಿ, ಓದೋ ದೀಪವನ್ನು ಎಡಗಡೆ ತಗ್ಗಿಗೆ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಬೆಳಕು ಪಕ್ಕದಿಂದ ಬಿದ್ದರೆ ಕವಡೆಯ ಬೆನ್ನು ಗುಂಡಗೆ ಹೊಳೆಯುತ್ತದೆ, ಬಾಯಿಯ ಎರಡೂ ಅಂಚಿನ ಹಲ್ಲುಗಳು ಒಂದೊಂದಾಗಿ ನೆರಳು ಬಿಡುತ್ತವೆ. ನಿಜಕ್ಕೂ ಚಂದದ ವಸ್ತು. ಅದನ್ನು ನೋಡಿ ಬರೆದ ಚಿತ್ರವೂ ಚೆನ್ನಾಗಿ ಬಂತು. 184×69ಕ್ಕೆ ಇಳಿಸಿದಾಗ ಹಲ್ಲುಗಳು ಮಾಯ. ಉಳಿದದ್ದು ಮೊಟ್ಟೆ ಆಕಾರ, ನಡುವೆ ಒಂದು ಸೀಳು. ವಾಟ್ಸಾಪ್‌ನಲ್ಲಿ ಚಿಕ್ಕಮ್ಮನ ಮಗಳಿಗೆ ಕಳಿಸಿ, ಇದು ಯಾವ ಥರ ಆಟ ಇರಬಹುದು ಹೇಳು ಅಂದೆ.

"ಕಾಫಿ ಅಂಗಡಿ ನಡೆಸೋ ಗೇಮಾ ಅಣ್ಣ?"

ನೋಡಿದರೆ ಹೌದು, ಕಾಫಿ ಬೀಜವೇ. ಬಣ್ಣ ಬಿಳಿ ಮಾಡಿದರೆ ಕಾಫಿ ಹೋಗುತ್ತದೆ, ಸಮುದ್ರ ಬರುತ್ತದೆ. ಚೌಕಾಬಾರ ಗೊತ್ತಿಲ್ಲದವರಿಗೆ ಕವಡೆ ಅಂದರೆ ಚಿಪ್ಪು, ಚಿಪ್ಪು ಅಂದರೆ ಬೀಚು. ಸ್ಟೀಮ್‌ನಲ್ಲಿ ನಮ್ಮ ಆಟ ನೋಡುವವರಲ್ಲಿ ಜಾಸ್ತಿ ಜನ ಅಂಥವರೇ.

ಮಣೆ ಹಾಕಿ ನೋಡಿದೆವು. ಚೌಕ, ಅದರೊಳಗೆ ಚೌಕಗಳು, ಕಟ್ಟೆಮನೆಗಳಲ್ಲಿ ಗುಣಾಕಾರದ ಗುರುತು, ನಾಲ್ಕು ಬಣ್ಣದ ಕಾಯಿ. ನಮ್ಮ ಕಡೆಯವರು ನೋಡಿದ ಕೂಡಲೇ ಲೂಡೋ ಅಂದರು. ಮೊಬೈಲ್‌ನಲ್ಲಿ ಪುಕ್ಕಟೆ ಸಿಗೋ ಲೂಡೋ ಜೊತೆ ನಮ್ಮನ್ನು ಸೇರಿಸಿದರೆ ದುಡ್ಡು ಕೊಡೋರು ಯಾರು? ಮಣೆ ಚಿತ್ರದಲ್ಲಿ ಇರಲಿ, ಆದರೆ ಕಾಲಡಿಯಲ್ಲಿ ಮಲಗಿರಲಿ ಅಂತ ತೀರ್ಮಾನವಾಯಿತು.

ಉಳಿದವನು ಬೇತಾಳ. ಮನುಷ್ಯನ ಕಣ್ಣು ಎಲ್ಲಿದ್ದರೂ ಮುಖ ಹುಡುಕುತ್ತದೆ, ಅದರಲ್ಲೂ ಕಣ್ಣುಗಳನ್ನು. ಪಟ್ಟಿಯ ಸ್ಕ್ರೀನ್‌ಶಾಟ್‌ನಲ್ಲಿ ನನ್ನ ನೋಟ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಗಮನಿಸಿದರೆ, ಅಲ್ಲೆಲ್ಲ ಒಂದು ಮುಖವೋ ಒಂದು ಗಟ್ಟಿ ಆಕಾರವೋ ಇರುತ್ತಿತ್ತು. ಬೇತಾಳ ಕೊಂಬೆಗೆ ತಲೆಕೆಳಗಾಗಿ ನೇತಾಡುವವನು, ನಮ್ಮ ಆಟದಲ್ಲೂ ಹಾಗೇ ಪ್ರವೇಶ ಮಾಡುತ್ತಾನೆ. ಹಾಗಾಗಿ ತಲೆಕೆಳಗಾದ ದೊಡ್ಡ ಮುಖ, ಅದರ ಕೆಳಗೆ ಚೆಲ್ಲಿದ ಕವಡೆ, ಇಷ್ಟನ್ನು ಬಿಡಿಬಿಡಿ ಗೆರೆಯಲ್ಲಿ ಗೀಚಿ ಕಲಾವಿದರನ್ನು ಹುಡುಕಲು ಹೊರಟೆವು. ನನ್ನ ಕೈ ಗೀಚೋಕೆ ಸಾಕು, ಬಣ್ಣ ತುಂಬೋಕೆ ಸಾಲದು. ಆಟಕ್ಕೆ ಇಟ್ಟ ದುಡ್ಡಿನಲ್ಲಿ ಬೇರೆ ಎಲ್ಲಿ ಹಿಡಿತ ಮಾಡಿದರೂ ಕವರ್ ಬರೆಯುವವರ ಕೂಲಿಯಲ್ಲಿ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ಒಳಗಿನ ಸಂಗೀತ ಎಷ್ಟೇ ಚೆನ್ನಾಗಿರಲಿ, ಬಾಗಿಲು ದಾಟಿದವರಿಗೆ ಮಾತ್ರ ಕೇಳೋದು.

ಎಐನಿಂದ ಮಾಡಿಸಬಹುದಿತ್ತಲ್ಲ ಅಂತ ಗೆಳೆಯರು ಕೇಳಿದರು. ಮಾಡಿಸಬಹುದು. 2024ರ ಜನವರಿಯಿಂದ ಸ್ಟೀಮ್‌ನಲ್ಲಿ ಎಐ ಬಳಸಿದ್ದನ್ನು ಘೋಷಿಸಬೇಕು, ಅದು ಆಟದ ಪುಟದಲ್ಲೂ ಕಾಣುತ್ತದೆ. ನಮಗೆ ಆ ಸಾಲು ಬೇಡವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ, ನಮಗೆ ಬೇಕಾದದ್ದು ಒಂದು ಚಂದದ ಚಿತ್ರ ಅಲ್ಲ. ಒಂದೇ ಬೇತಾಳ ಐದು ಆಕಾರದ ಚೌಕಟ್ಟಿನಲ್ಲಿ ಬೇರೆ ಬೇರೆ ಥರ ಕೂರಬೇಕು, ಲೇಯರ್, ಅಂದರೆ ಚಿತ್ರದ ಪದರಗಳನ್ನು ಬಿಡಿಸಿ ಕೊಡಬೇಕು, ಕಿವಿ ಸ್ವಲ್ಪ ಸಣ್ಣ ಮಾಡಿ ಅಂದರೆ ಕಿವಿ ಮಾತ್ರ ಸಣ್ಣ ಆಗಬೇಕು.

ಸಿಕ್ಕ ಕಲಾವಿದೆ ಮೈಸೂರಿನವರು, ಪುಸ್ತಕದ ಮುಖಪುಟ ಬರೆದು ಅಭ್ಯಾಸ ಇದ್ದವರು. ಗೀಚಿದ್ದನ್ನು ನೋಡಿ ಫೋನ್‌ನಲ್ಲಿ ಅಂದ ಮೊದಲ ಮಾತೇ, "ಸರ್, ಮುಖ ತಲೆಕೆಳಗೆ ಮಾಡಿದ್ದೀರಲ್ಲ, ಚಿಕ್ಕದರಲ್ಲಿ ಅದು ಮುಖ ಅಂತಾನೇ ಗೊತ್ತಾಗ್ತಿಲ್ಲ. ಮಡಕೆ ಥರ ಕಾಣ್ತಿದೆ." ಅವರು ಹೇಳಿದ್ದು ಸರಿ. ತಿರುವಿದ ಮುಖವನ್ನು ಗುರುತಿಸಲು ಕಣ್ಣಿಗೆ ಕಷ್ಟ, ಮನಶ್ಶಾಸ್ತ್ರದವರು ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ದೊಡ್ಡ ಚಿತ್ರದಲ್ಲಾದರೆ ಎರಡು ಕ್ಷಣ ನಿಂತು ಅರ್ಥ ಮಾಡಿಕೊಳ್ಳಬಹುದು. 45 ಪಿಕ್ಸೆಲ್ ಎತ್ತರದಲ್ಲಿ ಆ ಎರಡು ಕ್ಷಣ ಯಾರೂ ಕೊಡುವುದಿಲ್ಲ.

ಹಾಗಂತ ನೆಟ್ಟಗೆ ಕೂರಿಸಿದರೆ ಅವನು ಬೇತಾಳನೇ ಅಲ್ಲ, ಯಾವುದೋ ರಾಕ್ಷಸ. ಇದಕ್ಕೆ ಅವರೇ ಉಪಾಯ ಹೇಳಿದರು. ಕಾಲು ಕೊಂಬೆಗೆ ಸಿಕ್ಕಿಸಿಕೊಂಡು ಜೋತುಬಿದ್ದವನು ಹೊಟ್ಟೆ ಮಡಚಿ, ಕತ್ತು ಎತ್ತಿ ನಮ್ಮನ್ನೇ ನೋಡುತ್ತಿದ್ದಾನೆ. ಮೈ ತಲೆಕೆಳಗು, ಮುಖ ನೆಟ್ಟಗೆ. ಒಂದು ಕೈ ನಮ್ಮ ಕಡೆಗೆ ಚಾಚಿದೆ, ಅಂಗೈಯಿಂದ ಕವಡೆಗಳು ಆಗ ತಾನೇ ಜಾರುತ್ತಿವೆ. ಜಗಳಕ್ಕೆ ಕರೆದ ಹಾಗಿಲ್ಲ, ಬಾ ಒಂದಾಟ ಆಡೋಣ ಅಂದ ಹಾಗಿದೆ. ಅಡ್ಡ ಕ್ಯಾಪ್ಸೂಲ್‌ಗಳಲ್ಲಿ ಮುಖ ಮತ್ತು ಕೈ ಮಾತ್ರ ಬರುತ್ತದೆ. ನಿಂತ ಕವರ್‌ಗಳಲ್ಲಿ ಕೊಂಬೆ, ಕಾಲು, ಮಡಚಿದ ಮೈ ಎಲ್ಲ ಕಾಣುತ್ತದೆ. ಕೈಯಿಂದ ಬೀಳುತ್ತಿರುವುದರಿಂದ ಕವಡೆಯೂ ಈಗ ಕಾಫಿ ಬೀಜ ಅಲ್ಲ. ಯಾರೋ ಏನನ್ನೋ ಎಸೆಯುತ್ತಿದ್ದಾರೆ, ಅಂದರೆ ಆಟ, ಅಂದರೆ ಅದೃಷ್ಟ ಅಂತ ಹೊರಗಿನವರಿಗೂ ಹೊಳೆಯುತ್ತದೆ.

ಕಾಗದ ಪತ್ರ

ಬಣ್ಣಕ್ಕೆ ಹೋಗೋ ಮುಂಚೆ ಒಪ್ಪಂದದ ಮಾತು, ಯಾಕೆಂದರೆ ಇದನ್ನು ಬಾಯಿಮಾತಿನಲ್ಲೇ ಮುಗಿಸುವವರು ನಮ್ಮಲ್ಲಿ ತುಂಬ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದೇ ಇದ್ದರೆ ಐದು ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಸ್ಟೀಮ್ ಮಾರುವುದು ಪ್ರಪಂಚಕ್ಕೆಲ್ಲ, ಆಟದ ಪುಟ ಐದು ವರ್ಷಕ್ಕೆ ಮುಚ್ಚುವುದೂ ಇಲ್ಲ. ಹಾಗಾಗಿ ಎರಡನ್ನೂ ಬಿಡಿಸಿ ಬರೆದೆವು: ಎಲ್ಲ ದೇಶ, ಹಕ್ಕಿನ ಪೂರ್ತಿ ಅವಧಿ. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ, ಬಿಟ್ಟುಕೊಟ್ಟ ಹಕ್ಕನ್ನು ಒಂದು ವರ್ಷ ಬಳಸದೇ ಇದ್ದರೆ ಅದು ಬಿದ್ದುಹೋಗುತ್ತದೆ, ಬೇರೆ ಥರ ಬರೆದುಕೊಂಡಿದ್ದರೆ ಮಾತ್ರ ಇಲ್ಲ. ಟೀ ಶರ್ಟು, ಪೋಸ್ಟರು ಯಾವಾಗ ಮಾಡುತ್ತೇವೋ ಯಾರಿಗೆ ಗೊತ್ತು. ಅದನ್ನೂ ಬರೆದುಕೊಂಡೆವು. ಕ್ರೆಡಿಟ್ಸ್‌ನಲ್ಲಿ ಅವರ ಹೆಸರು, ತಮ್ಮ ಕೆಲಸದ ಸಂಗ್ರಹದಲ್ಲಿ ತೋರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ. ಲೇಯರ್ ಇರುವ ಮೂಲ ಫೈಲ್ ನಮಗೆ. ಒಂದು ಹಾಳೆ ಸಾಕಾಯಿತು.

ಬಣ್ಣ

ಬೇತಾಳ, ರಾತ್ರಿ, ಮರ. ಕೈ ತಾನಾಗೇ ಕಪ್ಪು ಕೆಂಪಿಗೆ ಹೋಗುತ್ತದೆ. ಮೊದಲು ಬಂದ ಬಣ್ಣದ ಕರಡು ಹಾಗೇ ಇತ್ತು, ಭಯಂಕರ ಚೆನ್ನಾಗಿತ್ತು. ಪಟ್ಟಿಯಲ್ಲಿ ಅಂಟಿಸಿ ತೋರಿಸಿದಾಗ ಕೇಳಿದವರೆಲ್ಲ ಹಾರರ್ ಅಂದರು. ಹಾರರ್ ಹುಡುಕುವವರು ಚೌಕಾಬಾರ ನೋಡಿ ಬೈಯ್ಯುತ್ತಾರೆ, ಯೋಚನೆ ಮಾಡಿ ಆಡುವ ಆಟ ಬೇಕಾದವರು ಹೆದರಿ ದಾಟಿ ಹೋಗುತ್ತಾರೆ. ನಮ್ಮ ಬೇತಾಳ ಕಿಲಾಡಿ, ಕ್ರೂರಿಯಲ್ಲ.

ಕಲಾವಿದೆ ಮೈಗೆ ಹಸಿರು ಕೊಟ್ಟರು, ಹಿನ್ನೆಲೆಗೆ ರಾತ್ರಿಯ ನೀಲಿಯೂ ಬೇಡ ಅಂತ ಅರಿಶಿನದ ಹಳದಿ. ರಾತ್ರಿಗೆ ಹಳದಿಯಾ ಅಂತ ಅನುಮಾನ ಬಂತು. ಆದರೆ ಸ್ಟೀಮ್ ಅಂಗಡಿಯ ಗೋಡೆಯೇ ಕಡುನೀಲಿ. ಅದರ ಮೇಲೆ ಕಡುನೀಲಿ ಚಿತ್ರ ಇಟ್ಟರೆ ಅಂಚು ಎಲ್ಲಿ ಅಂತ ಗೊತ್ತಾಗಲ್ಲ, ಚಿತ್ರ ಗೋಡೆಯೊಳಗೆ ಇಂಗಿಹೋಗುತ್ತದೆ. ಹಳದಿ ಇಟ್ಟಾಗ ಪಟ್ಟಿಯಲ್ಲಿ ಚೌಕಟ್ಟು ಕತ್ತರಿಸಿ ಅಂಟಿಸಿದ ಹಾಗೆ ಎದ್ದಿತು. ಇದು ಎಲ್ಲರಿಗೂ ಹೊಂದುವ ಸೂತ್ರ ಅಂತೇನೂ ನಾನು ಹೇಳಲ್ಲ. ನೀವು ನಿಲ್ಲುವ ಟ್ಯಾಗ್‌ನಲ್ಲಿ ಎಲ್ಲರೂ ಹಳದಿ ಹಾಕಿದ್ದರೆ ನೀಲಿಯೇ ಎದ್ದು ಕಾಣುತ್ತದೆ. ಪಟ್ಟಿಯ ಸ್ಕ್ರೀನ್‌ಶಾಟ್ ಬೇಕಾಗುವುದು ಇದಕ್ಕೇ.

ಬಣ್ಣಕ್ಕಿಂತ ಜಾಸ್ತಿ ಕೆಲಸ ಮಾಡುವುದು ಬೆಳಕು ಕತ್ತಲಿನ ಅಂತರ. ಚಿತ್ರದ ಮೇಲೆ ಬಣ್ಣ ತೆಗೆಯುವ ಒಂದು ಫಿಲ್ಟರ್ ಲೇಯರ್ ಹಾಕಿ ಆಗಾಗ ಆನ್ ಮಾಡಿ ನೋಡುತ್ತಿದ್ದೆವು. ಕಪ್ಪು ಬಿಳುಪಿನಲ್ಲಿ ನೋಡಿದಾಗ ಬೇತಾಳನ ಹಸಿರು ಕೆನ್ನೆ, ಹಿಂದಿನ ಹಳದಿ ಎರಡೂ ಒಂದೇ ಬೂದು! ಬಣ್ಣದಲ್ಲಿ ಬೇರೆ, ಬೆಳಕಿನಲ್ಲಿ ಒಂದೇ. ಕಲಾವಿದೆ ಹಸಿರನ್ನು ಒಂದು ಮೆಟ್ಟಿಲು ಗಾಢ ಮಾಡಿ, ಬಲ ಕೆನ್ನೆಯ ಅಂಚಿಗೆ ತೆಳ್ಳನೆ ಬಿಳಿ ಬೆಳಕಿನ ಗೆರೆ ಎಳೆದರು. ದೊಡ್ಡದರಲ್ಲಿ ಆ ಗೆರೆ ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. 120ರಲ್ಲಿ ಅದೇ ಒಂದು ಪಿಕ್ಸೆಲ್ ಆಗಿ ಮುಖವನ್ನು ಹಿನ್ನೆಲೆಯಿಂದ ಬಿಡಿಸುತ್ತದೆ.

ಅಕ್ಷರ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು ಲೋಗೋ. ಸ್ಮಾಲ್ ಕ್ಯಾಪ್ಸೂಲ್‌ನಲ್ಲಿ ಹೆಸರು ಹೆಚ್ಚುಕಡಿಮೆ ಪೂರ್ತಿ ಜಾಗ ತುಂಬಿರಬೇಕು ಅಂತ ಸ್ಟೀಮ್‌ನವರ ಸೂಚನೆಯೇ ಇದೆ. ಜನ ಅದನ್ನು ಓದಿಯೂ, ಮೇನ್ ಕ್ಯಾಪ್ಸೂಲ್ ಕುಗ್ಗಿಸಿ ಹಾಕಿ, ಮೂಲೆಯಲ್ಲಿ ಇರುವೆಯಷ್ಟು ಹೆಸರು ಬಿಟ್ಟಿರುತ್ತಾರೆ.

ಅಂಗಡಿಯಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಬೇಕು, ಆಟ ಹೋಗುವುದು ಎಲ್ಲ ದೇಶಕ್ಕೂ. ಕೆ, ಎ, ವಿ, ಎ, ಡಿ, ಇ: ಆರು ಅಕ್ಷರ. 120 ಅಗಲದಲ್ಲಿ ಅಂಚು ಬಿಟ್ಟು 112 ಸಿಗುತ್ತದೆ ಅಂದುಕೊಳ್ಳಿ, ಒಂದು ಅಕ್ಷರಕ್ಕೆ 18 ಪಿಕ್ಸೆಲ್ ಚಿಲ್ಲರೆ. ಅಕ್ಷರದ ಕಾಲು ನಾಲ್ಕೈದು ಪಿಕ್ಸೆಲ್ ದಪ್ಪ ಇದ್ದರೆ ಗಟ್ಟಿ ಕಾಣುತ್ತದೆ. ಎರಡಕ್ಕೆ ಇಳಿದರೆ ಮಂಜು. ಇದಕ್ಕಿಂತ ಉದ್ದದ ಹೆಸರು ಇದ್ದವರು ಎರಡು ಸಾಲು ಮಾಡಿಕೊಳ್ಳೋದು ಒಳ್ಳೆಯದು.

ನಡುವಿನ ಎ-ವಿ-ಎ ದೊಡ್ಡ ತಲೆನೋವು. ಮೂರೂ ಓರೆ ಕಾಲಿನ ಅಕ್ಷರ. ಫಾಂಟ್‌ನ ಮಾಮೂಲಿ ಅಂತರ ಬಿಟ್ಟರೆ ಪಕ್ಕದ ಡಿ-ಇ ಒತ್ತೊತ್ತಾಗಿ, ಈ ಮೂರು ಮಾತ್ರ ಬಿಡಿಬಿಡಿಯಾಗಿ ಕಾಣುತ್ತವೆ. ಒಂದರೊಳಗೆ ಒಂದು ನುಗ್ಗಿಸಿದರೆ ಕುಗ್ಗಿಸಿದಾಗ ಮೂರೂ ಸೇರಿ ಒಂದು ಅಂಕುಡೊಂಕು ಗೆರೆ. ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಅಕ್ಷರಗಳನ್ನು ಪಾತ್‌ಗೆ, ಅಂದರೆ ಕೈಯಲ್ಲಿ ತಿದ್ದಬಹುದಾದ ಗೆರೆಗೆ ಬದಲಿಸಿ, ಒಂದೊಂದನ್ನೇ ಕೈಯಲ್ಲಿ ಸರಿಸಿ, 120ಕ್ಕೆ ಇಳಿಸಿದಾಗ ನಡುವೆ ಖಚಿತವಾಗಿ ಎರಡು ಪಿಕ್ಸೆಲ್ ಖಾಲಿ ಉಳಿಯುವ ಹಾಗೆ ನಿಲ್ಲಿಸಿದೆ. 'ಎ'ಯ ಅಡ್ಡಗೆರೆ ತೆಗೆದು ಸ್ಟೈಲ್ ಮಾಡೋಣ ಅಂತ ಗೆಳೆಯನ ಆಸೆ. ಅಡ್ಡಗೆರೆ ಇಲ್ಲದ 'ಎ' ಅಂದರೆ ತಿರುವಿದ 'ವಿ'. ನಮ್ಮ ಹೆಸರಿಗೆ ಆ ಸ್ಟೈಲ್ ಆಗಲ್ಲ, ಅಡ್ಡಗೆರೆಯನ್ನು ಉಲ್ಟಾ ಇನ್ನೂ ದಪ್ಪ ಮಾಡಿದೆವು. 'ಡಿ' ಒಳಗಿನ ತೆರಪನ್ನು ಕವಡೆ ಬಾಯಿಯಂತೆ ಹಲ್ಲುಹಲ್ಲಾಗಿ ಕೊರೆದಿದ್ದು ಮಾತ್ರ ನನಗೆ ತುಂಬ ಇಷ್ಟವಾಗಿತ್ತು. ಚಿಕ್ಕದರಲ್ಲಿ ತೆರಪು ಮುಚ್ಚಿ 'ಡಿ' ಒಂದು ಗುಪ್ಪೆಯಾಯಿತು. ಸ್ಮಾಲ್ ಕ್ಯಾಪ್ಸೂಲ್‌ನ ಲೋಗೋದಲ್ಲಿ ಹಲ್ಲು ತೆಗೆದೆವು, ಮೇನ್ ಮತ್ತು ಲೈಬ್ರರಿಯಲ್ಲಿ ಉಳಿಸಿಕೊಂಡೆವು. ಒಂದೇ ಲೋಗೋಗೆ ಎರಡು ರೂಪ ಇದ್ದರೆ ತಪ್ಪೇನಿಲ್ಲ, ಪಕ್ಕಪಕ್ಕ ಇಟ್ಟು ಹೋಲಿಸುವವರು ನಾವು ಮಾತ್ರ.

ಕನ್ನಡದಲ್ಲೂ ಹೆಸರು ಬೇಕು ಅನ್ನೋದರಲ್ಲಿ ನಮಗೆ ಎರಡು ಮಾತಿರಲಿಲ್ಲ. ಸ್ಟೀಮ್ ಅಂಗಡಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ, ಹಾಗಾಗಿ ಬೇರೆ ಭಾಷೆಗೆ ಬೇರೆ ಕ್ಯಾಪ್ಸೂಲ್ ಹಾಕುವ ಸೌಲಭ್ಯ ನಮ್ಮ ಕೆಲಸಕ್ಕೆ ಬರಲ್ಲ. ಇರುವ ಚಿತ್ರದಲ್ಲೇ ಸೇರಿಸಬೇಕು. 'ಬಾಲೂ ತಮ್ಮ' ಅನ್ನೋ ಕನ್ನಡ ಫಾಂಟ್ ದಪ್ಪಗೆ ಗುಂಡಗೆ ಇದೆ, ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಲೋಗೋಗೆ ಬಳಸೋಕೂ ಅಡ್ಡಿಯಿಲ್ಲ. ಅದನ್ನು ಇಟ್ಟುಕೊಂಡು 'ಕವಡೆ' ಬರೆದು ತಿದ್ದಿದೆ. ಮೂರೇ ಅಕ್ಷರ, ಒತ್ತಕ್ಷರ ಇಲ್ಲ, ನಮ್ಮ ಪುಣ್ಯ. ಒತ್ತಕ್ಷರ ಇರುವ ಹೆಸರಾದರೆ ಸಾಲಿನ ಕೆಳಗೂ ಜಾಗ ಬೇಕು, ಅಕ್ಷರದ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಆದರೂ 45 ಎತ್ತರದಲ್ಲಿ ಇಂಗ್ಲಿಷ್ ಜೊತೆ ಇದನ್ನೂ ಇಟ್ಟರೆ 'ವ' ತಲೆಕಟ್ಟಿನ ಹತ್ತಿರ ಮಸಕಾಗಿ 'ಪ' ಥರ ಓದಿಸುತ್ತದೆ, 'ಡೆ'ಯ ಎತ್ವ ಒಂದು ಚುಕ್ಕೆ. ಸ್ಮಾಲ್ ಕ್ಯಾಪ್ಸೂಲ್‌ನಿಂದ ಕನ್ನಡ ಬಿಟ್ಟೆವು. ಮೇನ್, ವರ್ಟಿಕಲ್ ಮತ್ತು 600×900ರಲ್ಲಿ ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡ ಇದೆ, ಮಣೆಯ ಅಂಚಿನಲ್ಲಿ ಕೆತ್ತಿದ ಹಾಗೆ. ಆಟದ ಹೆಸರೇ ಆಗಿರುವುದರಿಂದ ಪರಿಶೀಲನೆಯಲ್ಲಿ ತಕರಾರು ಬರಲಿಲ್ಲ.

ಹಳೆಯ ಫೋಟೋಶಾಪ್ ಬಳಸುವವರಿಗೆ ಒಂದು ಮಾತು: ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸದಿದ್ದರೆ ಯೂನಿಕೋಡ್ ಕನ್ನಡ ಚೆಲ್ಲಾಪಿಲ್ಲಿಯಾಗುತ್ತದೆ. ಇಂಕ್‌ಸ್ಕೇಪ್, ಗಿಂಪ್ ಎರಡರಲ್ಲೂ ಆ ತೊಂದರೆ ಕಾಣಲಿಲ್ಲ.

ಜೋಡಣೆ

ಮೂಲ ಫೈಲ್‌ನಲ್ಲಿ ಹಿನ್ನೆಲೆ, ಕೊಂಬೆ, ಮೈ, ಮುಖ, ಕೈ, ಕವಡೆಗಳು, ಮಣೆ, ಲೋಗೋ ಎಲ್ಲ ಬೇರೆ ಬೇರೆ ಗುಂಪು. ಒಂದೊಂದು ಅಳತೆಗೂ ಇವನ್ನು ಹೊಸದಾಗಿ ಜೋಡಿಸಿದೆವು. ಸ್ಮಾಲ್‌ನಲ್ಲಿ ಮುಖದ ಅರ್ಧ ಬಲಕ್ಕೆ, ಅದರ ಮುಂದೆ ಪೂರ್ತಿ ಅಗಲಕ್ಕೆ ಹೆಸರು, ಒಂದೇ ಒಂದು ಕವಡೆ. ಹೆಡರ್‌ನಲ್ಲಿ ಮುಖ ಪೂರ್ತಿ, ಕೈ, ನಾಲ್ಕು ಕವಡೆ. ಕವಡೆ ನಾಲ್ಕೇ ಇರಬೇಕು ಅಂತ ಹಠ ಹಿಡಿದದ್ದು ನಾನು, ಆಡಿದವರು ಎಣಿಸುತ್ತಾರೆ ಅಂತ ನಂಬಿಕೆ.

ಅಂಗಡಿಯ ಕ್ಯಾಪ್ಸೂಲ್‌ಗಳ ಎಡ ಮೇಲ್ತುದಿ ಖಾಲಿ ಬಿಡಿ. ನೋಡುವವರ ವಿಶ್‌ಲಿಸ್ಟ್‌ನಲ್ಲಿ ಇದೆ, ಲೈಬ್ರರಿಯಲ್ಲಿ ಇದೆ ಅನ್ನೋ ಚೀಟಿಗಳು ಬಂದು ಕೂರುವುದು ಅಲ್ಲೇ. ನಮ್ಮ ಮೊದಲ ಜೋಡಣೆಯಲ್ಲಿ 'ಕೆ' ಅಕ್ಷರದ ತಲೆ ಅಲ್ಲಿತ್ತು. ಅಣಕು ಪುಟದಲ್ಲಿ ಆ ಚೀಟಿ ಅಂಟಿಸಿ ನೋಡಿ, ಲೋಗೋವನ್ನು ಕೆಳಗೆ ಇಳಿಸಿದೆವು.

600×900 ಲೈಬ್ರರಿ ಕವರ್ 2019ರಲ್ಲಿ ಹೊಸ ಲೈಬ್ರರಿ ಜೊತೆ ಬಂದದ್ದು. ಇಲ್ಲಿ ಮಾರುವ ಅವಸರ ಇಲ್ಲ, ಆಗಲೇ ಕೊಂಡವರ ಕಪಾಟು ಅದು. ಮೈ ಮಡಚಿ ನೇತಾಡುವ ಬೇತಾಳನನ್ನು ಪೂರ್ತಿ ತೋರಿಸಿದ್ದು ಇಲ್ಲಿಯೇ, ಕಲಾವಿದೆಗೆ ಇದೇ ಮೆಚ್ಚಿನದು. 3840×1240ರ ಹೀರೋ ಚಿತ್ರದಲ್ಲಿ ಅಕ್ಷರ ಇರಬಾರದು, ಲೋಗೋವನ್ನು ಸ್ಟೀಮ್ ಬೇರೆಯಾಗಿ ಮೇಲೆ ಇಡುತ್ತದೆ. ಕಿಟಕಿಯ ಅಳತೆಗೆ ತಕ್ಕಂತೆ ಅಂಚುಗಳು ಕತ್ತರಿಸಿ ಹೋಗುವುದರಿಂದ ಮುಖ್ಯವಾದದ್ದು ನಡುವೆ ಇರಬೇಕು. ನಡುವೆ ಕೈ ಮತ್ತು ಕವಡೆ, ಅಂಚಿನಲ್ಲಿ ಬರೀ ಮರದ ಎಲೆ. ಮುಗೀತು.

ಕುಗ್ಗಿಸುವಾಗ ಚಿತ್ರ ನಯವಾಗಿ ಇಳಿಸುವ ಬೈಕ್ಯೂಬಿಕ್ ಆಯ್ಕೆ ಬಳಸಿ, ಆಮೇಲೆ ಸಣ್ಣಗೆ ಶಾರ್ಪನ್ ಮಾಡಿ ಪಿಎನ್‌ಜಿ ಉಳಿಸಿದೆ.

ನಿಯಮ

2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ಕ್ಯಾಪ್ಸೂಲ್ ಮೇಲೆ ಚಿತ್ರ, ಆಟದ ಹೆಸರು, ಅದರ ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೇನೂ ಬರೆಯುವಂತಿಲ್ಲ. ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿ, ನಮ್ಮದೇ ಇನ್ನೊಂದು ಆಟದ ಜಾಹೀರಾತು, ಯಾವುದೂ ಇಲ್ಲ. ದೊಡ್ಡ ಅಪ್‌ಡೇಟ್ ಬಂದಾಗ ಮಾತ್ರ ಸ್ವಲ್ಪ ಕಾಲಕ್ಕೆ ಅಂತ ಬೇರೆ ಚಿತ್ರ ಹಾಕಿ, ಅದರಲ್ಲಿ ಅಪ್‌ಡೇಟ್ ಹೆಸರು ಹೇಳಬಹುದು. ನನಗೆ ಈ ನಿಯಮ ಇಷ್ಟ. ದುಡ್ಡಿರುವವರು ಕವರ್ ತುಂಬ ನಕ್ಷತ್ರ ಅಂಟಿಸಿಕೊಂಡಿದ್ದರೆ ನಮ್ಮ ಹಸಿರು ಬೇತಾಳನನ್ನು ಯಾರು ನೋಡುತ್ತಿದ್ದರು? ಎಲ್ಲ ವಯಸ್ಸಿನವರೂ ನೋಡುವಂಥ ಚಿತ್ರ ಇರಬೇಕು ಅನ್ನೋದೂ ಇದೆ. ಬೇತಾಳನ ಕೊರಳಲ್ಲಿದ್ದ ಬುರುಡೆ ಮಾಲೆ ಹೋಗಿ ಕವಡೆ ಸರ ಬಂದದ್ದು ಅದಕ್ಕೆ. ಬಂದ ಮೇಲೆ ಅದೇ ಚೆನ್ನಾಗಿದೆ ಅನ್ನಿಸಿತು.

ಅಳೆಯೋದು

ಹಳೆಯ ಕವರ್ ಇದ್ದಾಗಿನ ಲೆಕ್ಕ ಮೊದಲೇ ತೆಗೆದಿಟ್ಟುಕೊಂಡಿದ್ದೆ. ಆಟ ಮಾಡಿದವರಿಗೆ ಸ್ಟೀಮ್ ಕೊಡುವ ತಾಣ ಸ್ಟೀಮ್‌ವರ್ಕ್ಸ್‌ನ ಟ್ರಾಫಿಕ್ ಪುಟದಲ್ಲಿ ಕ್ಯಾಪ್ಸೂಲ್ ಎಷ್ಟು ಸಲ ಕಂಡಿತು, ಅದರಿಂದ ಎಷ್ಟು ಜನ ಪುಟಕ್ಕೆ ಬಂದರು, ಎರಡೂ ಜಾಗವಾರು ಸಿಗುತ್ತದೆ. ಗೂಗಲ್ ಪ್ಲೇಯಲ್ಲಿ ಎರಡು ಐಕಾನ್ ಹಾಕಿ ಅರ್ಧ ಅರ್ಧ ಜನಕ್ಕೆ ತೋರಿಸಿ ಹೋಲಿಸುವ ವ್ಯವಸ್ಥೆ ಇದೆ. ಸ್ಟೀಮ್‌ನಲ್ಲಿ ನಮಗೆ ಅಂಥದ್ದಿಲ್ಲ. ಹಾಗಾಗಿ ಕವರ್ ಬದಲಿಸಿದ ವಾರಗಳಲ್ಲಿ ಟ್ಯಾಗ್, ಬೆಲೆ, ಟ್ರೇಲರ್ ಯಾವುದನ್ನೂ ಮುಟ್ಟಲಿಲ್ಲ.

ಒಟ್ಟು ಮೊತ್ತ ನೋಡಿದರೆ ಏನೂ ಗೊತ್ತಾಗಲ್ಲ. ಸ್ಟೀಮ್ ತಾನೇ ಒಂದಾದ ಮೇಲೊಂದು ಆಟ ತೋರಿಸುವ ಡಿಸ್ಕವರಿ ಕ್ಯೂನಲ್ಲಿ ನೇರವಾಗಿ ಆಟದ ಪುಟವೇ ತೆರೆಯುತ್ತದೆ, ಅಲ್ಲಿ ಕ್ಯಾಪ್ಸೂಲ್‌ನ ಪಾಲು ಕಡಿಮೆ. ಹೆಸರು ಹೊಡೆದು ಹುಡುಕಿ ಬಂದವರು ಕವರ್ ಹೇಗಿದ್ದರೂ ಬರುತ್ತಿದ್ದರು. ಈ ಎರಡನ್ನೂ ಬದಿಗಿಟ್ಟು, ಟ್ಯಾಗ್ ಪುಟಗಳು ಮತ್ತು ಬೇರೆ ಆಟಗಳ ಕೆಳಗೆ ಬರುವ 'ಇದೇ ಥರದ್ದು' ಸಾಲನ್ನು ಮಾತ್ರ ನೋಡಿದೆ. ಅಲ್ಲಿ ಕ್ಲಿಕ್ ಪ್ರಮಾಣ ಏರಿದೆ, ಬೋರ್ಡ್ ಗೇಮ್ ಟ್ಯಾಗ್‌ನಲ್ಲಿ ಜಾಸ್ತಿ, ರೋಗ್‌ಲೈಕ್‌ನಲ್ಲಿ ಸ್ವಲ್ಪ. ರೋಗ್‌ಲೈಕ್‌ನವರಿಗೆ ಇದು ತಮ್ಮದು ಅಂತ ಇನ್ನೂ ಅನ್ನಿಸುತ್ತಿಲ್ಲ ಅಂತ ಕಾಣುತ್ತದೆ. ಮಾಯದ ಕವಡೆಗಳಲ್ಲಿ ಒಂದಕ್ಕೆ ಬೇರೆ ಬಣ್ಣದ ಹೊಳಪು ಕೊಟ್ಟರೆ ಆ ಸುಳಿವು ಸಿಗಬಹುದು. ಕಲಾವಿದೆಗೆ ಹೇಳಿದ್ದೇನೆ. ಹೆಡರ್‌ನಲ್ಲಿ ಮಾತ್ರ ಮಾಡೋಣ ಸರ್, ಸ್ಮಾಲ್‌ನಲ್ಲಿ ಇರೋದೇ ಒಂದು ಕವಡೆ ಅಂದಿದ್ದಾರೆ.

ಆಟ ಹಾಕುವ ಇನ್ನೊಂದು ತಾಣ ಇಚ್ ಡಾಟ್ ಐಓಗೆ 630×500ರ ಕವರ್ ಬೇರೆ ಬೇಕಿತ್ತು. ಅಲ್ಲಿ ಅಲುಗಾಡುವ ಚಿತ್ರ, ಅಂದರೆ ಜಿಫ್ ಹಾಕಬಹುದು, ಹಾಗಾಗಿ ಮುಖ ಅಲುಗಾಡಿಸದೆ ಕವಡೆಗಳನ್ನು ಮಾತ್ರ ಬೀಳಿಸಿದೆವು. ಮೊದಲ ಸುತ್ತಿನಲ್ಲಿ ಗರ ಮೂರು ಬೀಳುತ್ತದೆ, ಎರಡನೇ ಸುತ್ತಿನಲ್ಲಿ ಎಂಟು. ಫೈಲ್ ಭಾರ ಇಳಿಸೋಕೆ ಹಿನ್ನೆಲೆಯ ಹಳದಿಯಲ್ಲಿದ್ದ ಛಾಯೆಗಳನ್ನೆಲ್ಲ ಒಂದೇ ಬಣ್ಣ ಮಾಡಿದ್ದು ಬಿಟ್ಟರೆ ಬೇರೆ ಕಷ್ಟ ಆಗಲಿಲ್ಲ, ಪುಟಕ್ಕೆ ಏರಿಸಿಯೂ ಆಯಿತು.